ಮುದ್ದಕ್ಕನ ತಮ್ಮನ ಕಣ್ಣು

ಪರಶುರಾಂಪುರದ ಸುತ್ತಮುತ್ತ ಯಾರ ಕಣ್ಣಿಗೆ ಕಸ ಬಿದ್ದರೂ ಮೊದಲು ನೆನಪಾಗುತ್ತಿದ್ದವಳು ಮುದ್ದಕ್ಕ. ಬಾಯಿ ಮುಕ್ಕಳಿಸಿ ಬಂದು, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರೆಪ್ಪೆ ಬಿಡಿಸಿ ನಾಲಿಗೆಯ ತುದಿಯಿಂದ ಒಮ್ಮೆ ಸವರಿದಳೆಂದರೆ ಕಸ ಈಚೆಗೆ ಬಂದಿರುತ್ತಿತ್ತು. ಆಂಧ್ರದ ಕಡೆಯವರೂ ಕಣ್ಣುಜ್ಜಿಕೊಳ್ಳುತ್ತಾ "ಕಂಟ್ಲೋ ನಲಕ ಪಡಿಂದಕ್ಕಾ" ಎಂದು ತೆಲುಗಿನಲ್ಲಿ ಕಸ ಬಿದ್ದದ್ದು ಹೇಳುತ್ತಾ ಬಾಗಿಲಿಗೆ ಬರುತ್ತಿದ್ದರು. ಒಬ್ಬರಿಂದಲೂ ಎಲೆ ಅಡಿಕೆಯಷ್ಟನ್ನೂ ಅವಳು ಮುಟ್ಟಿದವಳಲ್ಲ. ಗಂಡನನ್ನು ಕಳೆದುಕೊಂಡು, ಅವನು ಬಿಟ್ಟುಹೋದ ತುಂಡು ಹೊಲ ನೋಡಿಕೊಂಡು ಕೂಲಿನಾಲಿ ಮಾಡುವ ಹೆಂಗಸಿಗೆ ಊರಲ್ಲಿ ಒಂದು ಮರ್ಯಾದೆ ಅಂತ ಇದ್ದದ್ದು ಇದರಿಂದಲೇ. ಅದರ ಮೇಲೆ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಇನ್ಯಾವುದಕ್ಕೆ ಜಂಬ ಪಡಬೇಕಿತ್ತು ಅವಳು?

ತಮ್ಮ ಓಬಳೇಶನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ. ಅವ್ವ ಸತ್ತಾಗ ಅವನಿನ್ನೂ ತೊಟ್ಟಿಲ ಕೂಸು. ಈಗ ಮೊಳಕಾಲ್ಮೂರಿನಲ್ಲಿ ಮಾಲೀಕರೊಬ್ಬರ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ. ಕೂದಲಿಗಿಂತ ಸಣ್ಣ ಎಳೆ ಕಡಿದರೂ ಕೂತಲ್ಲಿಂದಲೇ ಕಂಡುಹಿಡಿದು ಗಂಟು ಹಾಕುತ್ತಾನೆ ಎಂದು ಮಾಲೀಕರು ಬಂದವರೆದುರು ಹೊಗಳುತ್ತಿದ್ದರು. ಹೆಂಡತಿ ಚೌಡೇಶ್ವರಿ, ಮೂರು ವರ್ಷದ ಮಗಳು, ಬಾಡಿಗೆ ಮನೆ, ಎಲ್ಲವೂ ಆ ಎರಡು ಕಣ್ಣುಗಳ ಮೇಲೆ ನಿಂತಿದ್ದವು.

ಕಳೆದ ವರ್ಷ ಶೇಂಗಾ ಕೀಳುವ ಹೊತ್ತಿಗೆ ಆಳು ಸಿಗದೆ ಅಕ್ಕ ಪೇಚಾಡುತ್ತಿದ್ದಾಳೆಂದು ಓಬಳೇಶ ಮಗ್ಗ ಬಿಟ್ಟು ಬಂದ. ಒಣಗಿದ ಬಳ್ಳಿಯ ಹೊರೆ ಎತ್ತುವಾಗ ಕಡ್ಡಿಯೊಂದು ಬಲಗಣ್ಣಿಗೆ ಬಡಿಯಿತು. ಮುದ್ದಕ್ಕ ಅಲ್ಲೇ ಹೊಲದ ಬದುವಿನಲ್ಲಿ ಅವನನ್ನು ಮಲಗಿಸಿಕೊಂಡು ಕಣ್ಣು ಸವರಿದಳು.

"ಹಗುರಾತೇನೋ?"

"ಆತಕ್ಕ," ಎಂದ ಅವನು.

ಮಾರನೆಯ ದಿನ ಕಣ್ಣು ಕೆಂಡದಂತಾಗಿತ್ತು. ಇನ್ನೆರಡು ದಿನಕ್ಕೆ ಕರಿಗುಡ್ಡೆಯ ಮೇಲೆ ಒಂದು ಬಿಳಿ ಚುಕ್ಕೆ ಕಾಣಿಸಿತು. ಶೇಂಗಾ ಹೊಟ್ಟಿನ ಚೂರು ಅಂಟಿಕೊಂಡಿದೆ ಎಂದೇ ಮುದ್ದಕ್ಕ ಲೆಕ್ಕ ಹಾಕಿದಳು. ಹೊಟ್ಟಿನ ಒಳಮೈಯೂ ಬಿಳಿ, ಚುಕ್ಕೆಯೂ ಬಿಳಿ. ಎಷ್ಟೋ ಜನರ ಕಣ್ಣಿಂದ ಅಂಥದ್ದನ್ನು ತೆಗೆದವಳು ಇನ್ನೇನೆಂದುಕೊಂಡಾಳು? "ಕಚ್ಕಂಡ್ ಕುಂತೈತೆ, ಬಾ ಇಲ್ಲಿ," ಎಂದು ದಿನಾ ಬೆಳಗ್ಗೆ ತೊಡೆಯ ಮೇಲೆ ಮಲಗಿಸಿಕೊಂಡು ನಾಲಿಗೆಯಿಂದ ಎಬ್ಬಿಸಲು ನೋಡಿದಳು. ಹಗುರಾತೇನೋ ಎಂದು ದಿನಾ ಕೇಳಿದಳು. ದಿನಾ ಅವನು ಆತಕ್ಕ ಎಂದ. ಚೌಡೇಶ್ವರಿ ಫೋನಿನಲ್ಲಿ "ಆಸ್ಪತ್ರೆಗೆ ತೋರಿಸ್ರಿ ಅತ್ಗೆಮ್ಮ" ಎಂದು ಗೋಗರೆದರೆ, "ನಾನ್ ತೆಗಿಯೋ ಕಸಕ್ಕೆ ಡಾಕ್ಟ್ರು ಬೇರೆ ಕೇಡು!" ಎಂದು ಸಿಡುಕಿ ಫೋನ್ ಇಟ್ಟಳು.

ಎರಡು ವಾರ ಕಳೆದಾಗ ಚುಕ್ಕೆ ಕರಿಗುಡ್ಡೆಯನ್ನೇ ನುಂಗಿತ್ತು. ಈಗ ಹೆದರಿದ ಮುದ್ದಕ್ಕ ತಾನೇ ಅವನನ್ನು ಕರೆದುಕೊಂಡು ಹೊರಟಳು. ಚಳ್ಳಕೆರೆಯ ಡಾಕ್ಟರು ಟಾರ್ಚು ಬಿಟ್ಟು ನೋಡಿದವರೇ ಬೆಂಗಳೂರಿನ ಕಣ್ಣಾಸ್ಪತ್ರೆಯೊಂದಕ್ಕೆ ಚೀಟಿ ಬರೆದರು.

ಅಲ್ಲಿ ಅವನ ಗದ್ದವನ್ನು ಒಂದು ಯಂತ್ರಕ್ಕೆ ಆನಿಸಿ, ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಯಂತ್ರದ ಮೂತಿಯನ್ನು ಮೆತ್ತಗೆ ತಾಗಿಸಿದರು. ಕಾನ್‌ಫೋಕಲ್ ಎಂದರು ಅದಕ್ಕೆ. ಕತ್ತರಿ ಚಾಕು ಏನೂ ಇಲ್ಲ. ಲೇಸರ್ ಬೆಳಕು ಕರಿಗುಡ್ಡೆಯ ಮೇಲಿನ ಗಾಜಿನಂಥ ಹೊದಿಕೆಯೊಳಗೆ ಇಳಿಯುತ್ತಾ ಒಂದೊಂದೇ ಪದರವನ್ನು ಬೇರೆಬೇರೆಯಾಗಿ ಪರದೆಯ ಮೇಲೆ ತೋರಿಸುತ್ತದಂತೆ. ಬೂದುಬಣ್ಣದ ಚಿತ್ರದಲ್ಲಿ ಬೆಳ್ಳಗೆ, ಉದ್ದುದ್ದಕ್ಕೆ, ಕವಲೊಡೆದ ಎಳೆಗಳು.

"ಇದು ಕಸ ಅಲ್ಲಮ್ಮ, ಬೂಷ್ಟು," ಎಂದರು ಡಾಕ್ಟರಮ್ಮ. "ಕಡ್ಡಿಯಿಂದ ಬಂದಿರಬೇಕು. ಗಾಯ ಮುಟ್ಟಿ ಮುಟ್ಟಿ ಇನ್ನೂ ಕೆಟ್ಟಿದೆ." ಒಂದು ಗುಂಡಿ ಒತ್ತಿದರು, ಚಿತ್ರ ಬದಲಾಯಿತು, ಮತ್ತೆ ಒತ್ತಿದರು. ಎಷ್ಟು ಕೆಳಗೆ ಇಳಿದರೂ ಎಳೆಗಳು ಮುಗಿಯಲಿಲ್ಲ. "ಮೊದಲ ವಾರ ಬಂದಿದ್ದರೆ ಔಷಧಿಯಲ್ಲೇ ಹೋಗುತ್ತಿತ್ತೇನೋ. ಈಗ ತಳಕ್ಕೆ ಮುಟ್ಟಿದೆ. ಇಷ್ಟಾಗಬೇಕಾದರೆ ತಡೆಯಲಾರದ ನೋವಿರುತ್ತೆ. ಹೇಗೆ ಸುಮ್ಮನಿದ್ರಿ?"

ಮುದ್ದಕ್ಕ ಥಟ್ಟನೆ ಅಡ್ಡ ಬಂದಳು. "ಇಲ್ರೀ ಡಾಕ್ಟ್ರಮ್ಮ, ನೋವಿರ್ಲಿಲ್ಲ ಅವ್ನಿಗೆ. ನಾನ್ ತೆಗ್ದಾಗೆಲ್ಲ ಹಗುರಾಗ್ತಿತ್ತು. ಕೇಳ್ರಿ ಬೇಕಾದ್ರೆ."

ಡಾಕ್ಟರಮ್ಮ ಕೇಳಲಿಲ್ಲ. ಓಬಳೇಶ ತಲೆ ತಗ್ಗಿಸಿದ. ಮುದ್ದಕ್ಕನಿಗೆ ಆಗ ಗೊತ್ತಾಯಿತು.

ಹೊರಗೆ ಬೆಂಚಿನ ಮೇಲೆ ಅವಳು ಅವನ ರಟ್ಟೆ ಹಿಡಿದು ಅಲುಗಾಡಿಸಿದಳು. "ಯಾಕೋ ಹೇಳ್ಲಿಲ್ಲ? ಬಾಯಿರ್ಲಿಲ್ವೇನೋ ನಿಂಗೆ?"

"ನೀನ್ ಅಷ್ಟು ಆಸೆಯಿಂದ ಕೇಳ್ತಿದ್ದೆ ಕಣಕ್ಕ. ಇಲ್ಲ ಅನ್ನೋಕೆ ಮನಸ್ ಬರ್ಲಿಲ್ಲ," ಎಂದ. "ನಾಳೆಗೆ ನೋವು ಹೋಗ್ಬೋದು ಅಂದ್ಕಂಡೆ."

ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅವನು ಬೈದಿದ್ದರೆ, ಒಂದೇಟು ಹಾಕಿದ್ದರೆ ಎಷ್ಟೋ ವಾಸಿಯಿತ್ತು.

ಯಾರೋ ಸತ್ತವರು ದಾನ ಮಾಡಿದ ಕಣ್ಣಿನ ಆ ಗಾಜಿನಂಥ ಹೊದಿಕೆಯನ್ನು ಹೊಲಿದು ಗುಡ್ಡೆಯನ್ನಷ್ಟೇ ಉಳಿಸಿದರು. ದೃಷ್ಟಿ ಬರಲಿಲ್ಲ. ಒಂದೇ ಕಣ್ಣಿನಲ್ಲಿ ಎಳೆ ಎಷ್ಟು ದೂರದಲ್ಲಿದೆ ಎಂಬುದು ಅಂದಾಜಿಗೆ ಸಿಗದೆ ಓಬಳೇಶನ ಬೆರಳು ಗಾಳಿಯನ್ನು ಹಿಡಿಯುತ್ತಿತ್ತು. ಮಾಲೀಕರು ಒಳ್ಳೆಯವರು, ಕೆಲವು ತಿಂಗಳು ನೋಡಿದರು. ಆಮೇಲೆ ಮಗ್ಗಕ್ಕೆ ಬೇರೆಯವನನ್ನು ಕೂರಿಸಿದರು. ಓಬಳೇಶನಿಗೆ ನೂಲು ಒಣಹಾಕುವ, ಮೂಟೆ ಹೊರುವ ಕೆಲಸ ಸಿಕ್ಕಿತು. ಚೌಡೇಶ್ವರಿ ಅತ್ತಿಗೆಯ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಅದನ್ನು ತಪ್ಪೆನ್ನುವುದು ಹೇಗೆ?

ಮುದ್ದಕ್ಕ ಆಗಾಗ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗುತ್ತಾಳೆ. ಓಬಳೇಶ ಬೀದಿಯ ಕಟ್ಟೆಗೆ ಬಂದು ಪಕ್ಕದಲ್ಲಿ ಕೂರುತ್ತಾನೆ. ಅವಳು ಒಂದೊಂದಾಗಿ ಕೇಳುತ್ತಾಳೆ. ಉಂಡ್ಯೇನೋ? ಉಂಡೆ ಅಕ್ಕ. ಕೆಲಸ ಕಷ್ಟವೇನೋ? ಏನ್ ಕಷ್ಟ, ಆರಾಮೈತೆ. ನನ್ ಮ್ಯಾಲೆ ಸಿಟ್ಟೈತೇನೋ?

"ಇಲ್ಲಕ್ಕ," ಎನ್ನುತ್ತಾನೆ ಓಬಳೇಶ, ನಗುತ್ತಾ.

ಅವಳು ಅವನ ಮುಖವನ್ನೇ ನೋಡುತ್ತಾಳೆ. ಅವನ ಯಾವ ಮಾತನ್ನೂ ಅವಳು ಈಗ ನಂಬಲಾರಳು.