ಬಾಣಂತಿ ಕೋಣೆಯಲ್ಲಿ ಬರ್ಫ

ಅಂದು ಬೆಳಿಗ್ಗೆ ಮಕ್ಕಳ ವೈದ್ಯರು ನನ್ನ ಮೊಮ್ಮಗಳನ್ನು ಪರೀಕ್ಷಿಸಿ ಹೇಳಿದ್ದನ್ನೆಲ್ಲ ನಾನು ಅಲ್ಲೇ ನಿಂತು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡೆ. ಸೋಂಕೇನೂ ಕಾಣುತ್ತಿಲ್ಲ, ಸೆಕೆಗೆ ಮೈ ಬಿಸಿಯಾಗಿದೆ, ಮೈಯೊಳಗಿನ ನೀರು ಕಡಿಮೆಯಾಗಿದೆ. ತಲೆಗೆ ಕಟ್ಟಿದ ಕುಂಚಿಗೆ ಬಿಚ್ಚಬೇಕು. ತಂಪು ಕೋಣೆಯಲ್ಲಿಟ್ಟು ಮೇಲಿಂದ ಮೇಲೆ ಹಾಲು ಕುಡಿಸಬೇಕು. ಸಂಜೆ ಐದರೊಳಗೆ ಕೂಸು ಉಚ್ಚೆ ಹೊಯ್ದರೆ ಚಿಂತೆಯಿಲ್ಲ; ಇಲ್ಲವಾದರೆ ಕರೆತಂದು ಸೇರಿಸಬೇಕು, ಸಲೈನ್ ಹಚ್ಚಬೇಕಾಗುತ್ತದೆ. ಎರಡು ತಿಂಗಳೂ ತುಂಬದ ಆ ಬೆರಳಗಲದ ಕೈಯಲ್ಲಿ ಸೂಜಿಗೆ ಜಾಗ ಎಲ್ಲಿ ಸಿಕ್ಕೀತು ಎಂದು ಕೇಳಬೇಕೆನಿಸಿತು. ಮನೆಯವರೆಗೂ ಅದನ್ನೇ ಯೋಚಿಸುತ್ತ ಬಂದೆ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಭೂಮಾಪನ ಇಲಾಖೆಯಲ್ಲಿದ್ದಾಗ ಇಲ್ಲಿಯ ಎಷ್ಟೋ ನಿವೇಶನಗಳ ಗಡಿಗೆ ಸರಪಳಿ ಎಳೆಸಿದವನು ನಾನೇ. ಆಗ ಇಲ್ಲಿ ನೆರಳೆಂದರೆ ನಮ್ಮ ಛತ್ರಿಯದು ಮಾತ್ರ. ಈಗ ಸೆಕ್ಟರಿನ ಮೇಲೆ ಸೆಕ್ಟರು ತುಂಬಿ, ಮನೆಯ ಮೇಲೆ ಮನೆ ಎದ್ದು, ಪ್ರತಿ ಗೋಡೆಯ ಹೊರಗೂ ಒಂದೊಂದು ಬಿಳಿ ಪೆಟ್ಟಿಗೆ ಗುಂಯ್‌ಗುಡುತ್ತದೆ. ನಮ್ಮ ಮನೆಗೂ ಕಳೆದ ವರ್ಷ ಒಂದು ಬಂದಿತು. ಮಗಳು ಬಾಣಂತನಕ್ಕೆ ಬಂದ ಮೇಲೆ ಆ ಏಸಿ ಇದ್ದ ಕೋಣೆಯನ್ನೇ ಅವಳಿಗೆ ಬಿಟ್ಟುಕೊಟ್ಟೆವು. ಅವಳ ತಾಯಿ ಈಗ ಇಲ್ಲ. ಆದ್ದರಿಂದ ಬಾಣಂತನ ಮಾಡಲು ಇಳಕಲ್ಲಿನಿಂದ ನನ್ನ ಅಕ್ಕ ಬಂದಿದ್ದಳು.

ಆಸ್ಪತ್ರೆಯಿಂದ ಮರಳಿ ಬಂದಾಗ ಹನ್ನೊಂದೂವರೆ. ನಾವು ಬರುವಷ್ಟರಲ್ಲಿ ಕೋಣೆ ತಣ್ಣಗಿರಲೆಂದು ಅಕ್ಕ ಬಾಗಿಲು ಹಾಕಿ ಏಸಿ ಚಾಲೂ ಇಟ್ಟಿದ್ದಳು. ಬಾಗಿಲು ತೆರೆದರೆ ಮುಖಕ್ಕೆ ಹೊಡೆದದ್ದು ಬಿಸಿ. ಯಂತ್ರ ಗುಂಯ್ ಎನ್ನುತ್ತಿತ್ತು, ಅಂಕಿ ತೋರಿಸುವ ದೀಪ ಉರಿಯುತ್ತಿತ್ತು, ಗಾಳಿ ಮಾತ್ರ ಇರಲಿಲ್ಲ. ಅದರ ಬಾಯಿಯ ಎದುರು ಕೈ ಹಿಡಿದೆ. ಮಲಗಿದವರ ಉಸಿರಿನಷ್ಟೂ ಬರುತ್ತಿರಲಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನು ಮಾಡಿದೆ. ಮೊದಲು ಹಿಂದಿ, ಆಮೇಲೆ ಸಂಗೀತ, ಆಮೇಲೆ ಬೆಂಗಳೂರಿನ ಕನ್ನಡ. "ತಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ ಸಾರ್, ನಲವತ್ತೆಂಟು ಗಂಟೆಯೊಳಗೆ ನಮ್ಮ ಪ್ರತಿನಿಧಿ ಸಂಪರ್ಕಿಸುತ್ತಾರೆ" ಎಂದಳು ಒಬ್ಬ ಹೆಣ್ಣುಮಗಳು. ಕೂಸಿನ ವಿಷಯ ಹೇಳಿದೆ. ಅದೇ ವಾಕ್ಯವನ್ನು ಇನ್ನಷ್ಟು ವಿನಯದಿಂದ ಓದಿದಳು. ಸಿಟ್ಟಿನಿಂದ ಆಡಿದ ಮಾತಿಗೆ ಉತ್ತರ ಕೊಡಬಹುದು, ಕಾಗದದ ಮೇಲಿನ ವಿನಯಕ್ಕೆ ಕೊಡಲಾಗದು. ಮೂರು ಸಲ ಫೋನು ಮಾಡಿ ಒಂದೂಕಾಲು ಗಂಟೆ ಕಳೆದೆ.

ಕಳೆಯಬೇಕಾದ ಅಗತ್ಯವಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಏಸಿ ಕೂಡಿಸಿ ಹೋಗಿದ್ದ ಮೆಕ್ಯಾನಿಕ್ ಕೆರೂರಿನವನು, ನವನಗರದಲ್ಲೇ ಅಂಗಡಿ ಇಟ್ಟಿದ್ದ. ಅವನ ನಂಬರು ನನ್ನ ಪುಸ್ತಕದಲ್ಲಿತ್ತು. ಆದರೆ ಹೆಸರಿನ ಜಾಗದಲ್ಲಿ ನಾನು ಬರೆದಿದ್ದುದು "ಸ್ಟೂಲಿನ ಮಾತಿನವನು" ಎಂದು. ಕಳೆದ ವರ್ಷ ಕೆಲಸ ಮುಗಿಸಿ ಹೊರಡುವಾಗ, ನೆರೆಯ ಇಬ್ಬರ ಎದುರಿಗೆ, ಅವನು ನಗುತ್ತ ಅಂದಿದ್ದ: "ಅಜ್ಜಾರ, ನೀವಂತೂ ಸ್ಟೂಲ್ ಏರಬ್ಯಾಡ್ರಿ. ನಿಮ್ಮ ಕೈಲೆ ಆಗೂ ಕೆಲಸ ಅಲ್ಲಿದು." ಬಾದಾಮಿಯ ಗುಡ್ಡಗಳ ಮೇಲೆ ಅಳತೆಯ ಕಂಬ ಹೊತ್ತು ಏರಿ ಇಳಿದ ಕಾಲುಗಳಿವು. ಆ ನಗೆಯನ್ನು ಜೋಪಾನವಾಗಿ ಇಟ್ಟುಕೊಂಡೆ.

ಮಗಳಿಗೆ ಈ ಕಥೆ ಗೊತ್ತಿತ್ತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೀಸಣಿಗೆ ಬೀಸುತ್ತಿದ್ದವಳು ನನ್ನ ಕಡೆ ನೋಡದೆ ಅಂದಳು: "ಅಪ್ಪಾ, ಆ ಸಿಟ್ಟು ನಾಳಿಗಿ ಇಟ್ಕೋ. ಇವತ್ತ ಅವಗ ಫೋನ್ ಮಾಡು."

ಮಾಡಿದೆ. ಅವನು ವಿದ್ಯಾಗಿರಿಯಲ್ಲಿ ಯಾರದೋ ಮಾಳಿಗೆಯ ಮೇಲಿದ್ದ. "ಇನ್ನೂ ನಾಕ ಮನಿ ಅದಾವ್ರಿ ಸರ್, ಸಂಜಿಗಿ ಬರ್ತೇನಿ" ಎಂದ. ಕೂಸಿನ ಮಾತು ಎತ್ತಿದೆ. "ಎಷ್ಟ ತಿಂಗಳ ಕೂಸ್ರಿ?" ಎಂದು ಕೇಳಿದ. ಎರಡು ತುಂಬಿಲ್ಲ ಎಂದೆ. "ಬಂದೆ. ಮಷೀನ್ ಬಂದ್ ಮಾಡಿ ಇಡ್ರಿ, ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಫೋನಿಟ್ಟ.

ಒಂದೂವರೆಗೆ ಬಂದ. ಅಂಗಿ ಬೆವರಿಗೆ ಅಂಟಿತ್ತು. ನೀರು ಕೊಟ್ಟರೆ ಅರ್ಧ ಕುಡಿದು ಅರ್ಧ ತಲೆಗೆ ಸುರಿದುಕೊಂಡ. ಸ್ಟೂಲಿನ ಮೇಲೆ ನಿಂತು ಏಸಿಯ ಮುಂಬದಿ ಎತ್ತಿ, ಒಳಗಿನ ಬಲೆಯನ್ನು ಕಳಚಿದವನು ಅಲ್ಲೇ ನಿಂತ.

"ಸರ್, ಇದರಾಗ ಬರ್ಫ ಕಟ್ಟೇತ್ರಿ."

ನನಗೆ ಅರ್ಥವಾಗಲಿಲ್ಲ. ಕೋಣೆಯಲ್ಲಿ ನಾನು ತೂಗಹಾಕಿದ ಉಷ್ಣಮಾಪಕ ಮೂವತ್ತೆಂಟು ತೋರಿಸುತ್ತಿತ್ತು. ಹೊರಗೆ ಅಂಗಳದ ಫರಸಿಗೆ ಬರಿಗಾಲು ಇಡುವಂತಿರಲಿಲ್ಲ. ಅಂಥ ಮಧ್ಯಾಹ್ನ, ನನ್ನದೇ ಮನೆಯ ಗೋಡೆಯಲ್ಲಿ ಮಂಜುಗಡ್ಡೆಯೆಂದರೆ ನಂಬುವುದು ಹೇಗೆ?

"ನಾನು ನೋಡಬೇಕು" ಎಂದೆ.

ಅವನು ಕೆಳಗಿಳಿದ. ಸ್ಟೂಲನ್ನು ನೋಡಿದ, ನನ್ನನ್ನು ನೋಡಿದ. ಏನೋ ಹೇಳುವನೆಂದು ನಾನು ಸಿದ್ಧನಾಗಿಯೇ ಇದ್ದೆ. ಅವನು ಕುಕ್ಕರಗಾಲಿನಲ್ಲಿ ಕುಳಿತು ಸ್ಟೂಲಿನ ಎರಡು ಕಾಲುಗಳನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಏರಿದೆ.

ಒಳಗೆ ತೆಳುವಾದ ಲೋಹದ ಪದರುಗಳ ಸಾಲು. ಅದರ ಮೇಲೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಬೆಳ್ಳಗೆ, ಹೆಬ್ಬೆರಳು ದಪ್ಪದ ಬರ್ಫ. ಮುಟ್ಟಿದೆ, ಬೆರಳು ಮರಗಟ್ಟಿತು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಇಷ್ಟೊಂದು ತಂಪು ಇಲ್ಲಿಯೇ ಇತ್ತು, ಮೂರು ಮಾರು ದೂರದಲ್ಲಿ ಕೂಸು ಬೇಯುತ್ತಿತ್ತು. ತಂಪು ಹುಟ್ಟಿದೆ, ಆದರೆ ಹೊರಗೆ ಬಂದಿಲ್ಲ. ಯಾಕೆ?

ಕೆಳಗಿಳಿದು ಅದನ್ನೇ ಕೇಳಿದೆ. ಅವನು ಏಸಿಯಿಂದ ಕಳಚಿದ್ದ ಬಲೆಯಂಥ ಜಾಳಿಗೆಯನ್ನು ತಂದು ನನ್ನ ಎದುರಿಗೆ ಹಿಡಿದ. ಜಾಳಿಗೆ ಎನ್ನಲು ಅದರಲ್ಲಿ ತೂತುಗಳೇ ಉಳಿದಿರಲಿಲ್ಲ. ಕಂದು ಬಣ್ಣದ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಅವನು ಅದನ್ನು ಮೂಗಿನ ಹತ್ತಿರ ಒಯ್ದು, ಹುಗ್ಗಿಯ ಹದ ನೋಡುವವನಂತೆ ಕಣ್ಣು ಮುಚ್ಚಿ ಮೂಸಿದ.

"ಲೋಬಾನ," ಎಂದ. ಸಾಂಬ್ರಾಣಿಯ ಆ ವಾಸನೆ ನನಗೂ ಬಂದಿತು. ಅವನು ಮತ್ತೊಮ್ಮೆ ಮೂಸಿ, "ಅಜವಾನ. ಬಳ್ಳೊಳ್ಳಿ ಸಿಪ್ಪಿನೂ ಐತ್ರಿ. ದಿನಕ್ಕ ಎಷ್ಟ ಸಲ ಹೊಗಿ ಹಾಕ್ತೀರಿ ಆಯಿ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗು ಬಿಗಿದುಕೊಂಡಳು. "ಎರಡ ಸಲ. ಎರಿದ ಮ್ಯಾಲ ಹೊಗಿ ಕೊಡಲಾರದ ಇರಾಕ ಬರತೈತೇನು? ಐದ ಮಂದಿ ಬಾಣಂತನ ಮಾಡೇನಿ ನಾ. ಒಂದ ಕೂಸು ಸೀನಿಲ್ಲ."

"ಬಾಗಲಾ ಹಾಕ್ಕೊಂಡು?"

"ಮಷೀನ್ ಹಚ್ಚಿದಾಗ ಬಾಗಲಾ ತಗೀಬ್ಯಾಡ ಅಂದಾಂವ ಈ ನನ್ನ ತಮ್ಮ. ಮತ್ತ ಖರೆ ಹೇಳ್ತೇನಿ, ಇದು ಭಾಳ ಛಲೋ ಮಷೀನ ಅನಕೊಂಡಿದ್ದೆ. ಹೊಗಿ ಹಾಕಿದ್ದ ತಡ, ನುಂಗಿಬಿಡತಿತ್ತು. ಕೂಸಿನ ಕಣ್ಣಾಗ ಒಂದ ಹನಿ ನೀರ ಬರತಿದ್ದಿಲ್ಲ."

ಮೆಕ್ಯಾನಿಕ್ ನಗು ತಡೆದುಕೊಂಡ. "ನಿಮ್ಮ ಹೊಗಿಗಿ ನಂದೇನ ತಕರಾರ ಇಲ್ರಿ ಆಯಿ. ನಮ್ಮವ್ವನೂ ನಮಗ ಹಾಕ್ಯಾಳ. ಆದ್ರ ಈ ಮಷೀನ ಬಾಣಂತಿ ಅಲ್ರಿ."

ಆಮೇಲೆ ನನಗೆ ವಿವರಿಸಿದ. ಯಂತ್ರ ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಜಾಳಿಗೆಯ ಮೂಲಕ ಎಳೆದು, ತಣ್ಣಗಿನ ಪದರುಗಳ ಮೇಲೆ ಹಾಯಿಸಿ, ಮತ್ತೆ ಕೋಣೆಗೇ ಊದುತ್ತದೆ. ಜಾಳಿಗೆ ಕಟ್ಟಿದರೆ ಗಾಳಿ ಹಾಯುವುದಿಲ್ಲ. ಪದರುಗಳ ತಂಪನ್ನು ಒಯ್ಯುವವರಿಲ್ಲದೆ ಅಲ್ಲಿಯ ಪಸೆ ಬರ್ಫವಾಗುತ್ತದೆ. ಬರ್ಫ ಇನ್ನಷ್ಟು ದಾರಿ ಕಟ್ಟುತ್ತದೆ.

ನಾನು ಇಳಕಲ್ಲಿನ ಅಕ್ಕನ ಮನೆಯ ಬಾಣಂತಿ ಕೋಣೆಯನ್ನು ನೆನೆಸಿಕೊಂಡೆ. ಕಿಟಕಿಯಿಲ್ಲದ ಕತ್ತಲೆ ಕೋಣೆ, ಮಣ್ಣಿನ ಮಾಳಿಗೆ, ನಡುವೆ ಬೊಗಸೆಯಗಲದ ಬೆಳಕಿಂಡಿ. ಹೊರಸಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು ಅವಳು ಹೊಗೆ ಹಾಕಿದರೆ, ಅದು ಕೂಸನ್ನೂ ತಾಯಿಯನ್ನೂ ಒಮ್ಮೆ ಸುತ್ತಿ, ಬಿಸಿಲಿನ ಕೋಲು ಹಿಡಿದುಕೊಂಡು ಮೇಲಕ್ಕೆ ಹೋಗುತ್ತಿತ್ತು. ಹುನಗುಂದದಲ್ಲಿ ನಾವಿದ್ದ ಬಾಡಿಗೆ ಮನೆಯೂ ಹಾಗೆಯೇ ಇತ್ತು. ಮನೆ ಕಟ್ಟಿದವರು ಹೊಗೆಗೆ ಒಂದು ದಾರಿ ಇಟ್ಟಿದ್ದರು. ಈ ಮನೆಯ ನಕ್ಷೆಯನ್ನು ನಾನೇ ಅಂಗುಲ ಬಿಡದೆ ಅಳೆದು ತೆಗೆಸಿದ್ದೆ. ನಾಲ್ಕು ಗೋಡೆ, ಮುಚ್ಚಿದ ಕಿಟಕಿ, ಮೇಲೆ ಸಿಮೆಂಟಿನ ಸ್ಲ್ಯಾಬು. ಅದರಲ್ಲಿ ಹೊಗೆಗೆ ಇದ್ದ ಒಂದೇ ದಾರಿ ಆ ಯಂತ್ರದ ಬಾಯಿ. ಅಕ್ಕ ತನಗೆ ಗೊತ್ತಿದ್ದ ಕೆಲಸವನ್ನು ಸರಿಯಾಗಿಯೇ ಮಾಡಿದ್ದಳು.

"ಬರ್ಫ ಅಷ್ಟ ಹೌದಲ್ಲೊ," ಎಂದಳು ಅಕ್ಕ. "ಅಗ್ಗಿಷ್ಟಿಗಿ ತರ್ತೇನಿ. ಐದ ನಿಮಿಷದಾಗ ಕರಗಸ್ತೇನಿ."

"ಬ್ಯಾಡ್ರಿ ಆಯಿ. ಬರ್ಫಕ್ಕಿಂತ ಮೊದಲ ಪ್ಲಾಸ್ಟಿಕ್ ಕರಗತೈತಿ. ತಾನ ಕರಗಬೇಕು. ತಾಸು ಹಿಡೀತೈತಿ."

ಆಗಲೇ ಎರಡಾಗಿತ್ತು; ಇನ್ನೊಂದು ತಾಸೆಂದರೆ ಮೂರಾಗುತ್ತದೆ. ಐದಕ್ಕೆ ಎರಡು ತಾಸು ಉಳಿದಿರುತ್ತದೆ. ಕೂಸು ಬೆಳಗಿನಿಂದ ಒಂದು ಬಟ್ಟೆಯನ್ನೂ ತೋಯಿಸಿರಲಿಲ್ಲ. ಅಳುವುದನ್ನೂ ನಿಲ್ಲಿಸಿತ್ತು. ಅದು ನನಗೆ ಅಳುವಿಗಿಂತ ಹೆಚ್ಚಿನ ಚಿಂತೆಯಾಗಿತ್ತು.

ಆಗ ಅಕ್ಕ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದಳು. ತನ್ನ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆಯೊಂದನ್ನು ತೆಗೆದು, ಬಕೆಟ್ಟಿನಲ್ಲಿ ಅದ್ದಿ, ನಡುಮನೆಯ ಉತ್ತರದ ಕಿಟಕಿಗೆ ಎರಡು ಮಡಿಕೆ ಮಾಡಿ ಕಟ್ಟಿದಳು. ಕೆಂಪು ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಎದುರಿಗೆ ಚಾಪೆ ಹಾಸಿ ಕೂಸನ್ನು ಮಲಗಿಸಿದಳು. ಉಷ್ಣಮಾಪಕವನ್ನು ತಂದು ಅಲ್ಲಿಯೂ ತೂಗಹಾಕಿದೆ. ಕಾಲು ತಾಸಿನಲ್ಲಿ ಪಾದರಸ ಮೂರು ಗೆರೆ ಇಳಿಯಿತು. ಇಷ್ಟು ಸುಲಭದ್ದನ್ನು ನಾನು ಹನ್ನೊಂದೂವರೆಗೇ ಯಾಕೆ ಯೋಚಿಸಲಿಲ್ಲವೆಂದರೆ, ಆಗ ನಾನು ಸಹಾಯವಾಣಿಯೊಂದಿಗೆ ವಾದಿಸುತ್ತಿದ್ದೆ.

ಕೂಸಿನ ತಲೆಯ ಮೇಲೆ ಇನ್ನೂ ಕುಂಚಿಗೆ ಇತ್ತು. ವೈದ್ಯರ ಮಾತನ್ನು ಬೆಳಗಿನಿಂದ ಎರಡು ಸಲ ಓದಿ ಹೇಳಿದ್ದೆ. ಎರಡೂ ಸಲ ಅಕ್ಕ, "ಡಾಕ್ಟರಗ ಕಿವ್ಯಾಗ ಗಾಳಿ ಹೊಕ್ಕದ್ದ ಕಾಣತೈತೇನು?" ಎಂದು ಸುಮ್ಮನಾಗಿಸಿದ್ದಳು. ಈಗ ಅವಳು ಚಾಪೆಯ ಪಕ್ಕ ಕುಳಿತು, ಸ್ವಲ್ಪ ಹೊತ್ತು ಕೂಸನ್ನೇ ನೋಡಿ, ಗದ್ದದ ಕೆಳಗಿನ ಗಂಟನ್ನು ತಾನೇ ಬಿಚ್ಚಿದಳು. ಕೂದಲು ತೋಯ್ದು ನೆತ್ತಿಗೆ ಅಂಟಿದ್ದವು. ಅವಳು ಒದ್ದೆ ಬಟ್ಟೆಯಿಂದ ಒರೆಸಿ, ಮಗಳಿಗೆ, "ಕುಡಸವ್ವಾ. ಒಲ್ಲೆ ಅಂದ್ರೂ ಕುಡಸು" ಎಂದಳು.

ಬರ್ಫ ಕರಗುವವರೆಗೆ ಮೆಕ್ಯಾನಿಕ್ ಬಚ್ಚಲಲ್ಲಿ ಕುಳಿತು ಬಟ್ಟೆ ಸೋಪಿನಿಂದ ಜಾಳಿಗೆ ತಿಕ್ಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ನೀರು ಮೊದಲು ಚಹಾದ ಬಣ್ಣಕ್ಕೆ ಹರಿದು, ಆಮೇಲೆ ತಿಳಿಯಾಯಿತು.

"ಹೋದ ವರ್ಷ ನಿಮಗ ಹೇಳಿದ್ದೆನಲ್ರಿ ಸರ್," ಎಂದ, ತಿಕ್ಕುತ್ತಲೇ. "ಹದಿನೈದ ದಿನಕ್ಕೊಮ್ಮೆ ಈ ಜಾಳಗಿ ತೊಳೀಬೇಕು, ಯಾರಿಗ್ಯರ ಹೇಳಿ ತಗಸ್ರಿ, ನೀವಂತೂ ಸ್ಟೂಲ್ ಏರಬ್ಯಾಡ್ರಿ ಅಂತ."

ಅವನು ಹೇಳಿದ್ದು ನಿಜ. ಈಗ ನೆನಪಾಯಿತು: ಮಾತಿನ ಮೊದಲ ಭಾಗ ಅದೇ ಆಗಿತ್ತು. ಆ ಮಧ್ಯಾಹ್ನ ಅವನು ತೊಟ್ಟ ಅಂಗಿಯ ಬಣ್ಣ, ನಗುವಾಗ ಕಂಡ ಹಲ್ಲು, ನೆರೆಯವರಲ್ಲಿ ಯಾರು ಯಾರತ್ತ ನೋಡಿದರು ಎಂಬುದು ಎಲ್ಲವೂ ನನ್ನಲ್ಲಿ ಉಳಿದಿತ್ತು. ಜಾಳಿಗೆ ಒಂದೇ ಬಿದ್ದುಹೋಗಿತ್ತು. ಅಳತೆಯ ಪುಸ್ತಕದಲ್ಲಿ ಹೀಗೆ ಒಂದು ಬದಿಯನ್ನು ಮಾತ್ರ ಬರೆದು ತಂದ ಕೈಕೆಳಗಿನವರನ್ನು ನಾನು ಮರಳಿ ಹೊಲಕ್ಕೆ ಕಳಿಸಿದ್ದುಂಟು.

ಹಾಗೆಂದು ಅವನು ನೆರೆಯವರ ಎದುರಿಗೆ ನಕ್ಕದ್ದು ಸರಿಯೆಂದು ಈಗಲೂ ಒಪ್ಪುವುದಿಲ್ಲ.

ಮೂರು ದಾಟಿ ಹತ್ತು ನಿಮಿಷಕ್ಕೆ ಕೊನೆಯ ಬರ್ಫದ ತುಂಡು ಜಾರಿ ಕೆಳಗಿಟ್ಟ ಪರಾತಿಗೆ ಬಿದ್ದಿತು. ಅವನು ಪದರುಗಳನ್ನೂ ತೊಳೆದು, ಜಾಳಿಗೆ ಕೂಡಿಸಿ, ಚಾಲೂ ಮಾಡಿದ. ಗಾಳಿ ಬಂದಿತು. ಕಿಟಕಿಯ ಪರದೆ ಅಲ್ಲಾಡಿತು. ಅಕ್ಕ ಒಳಗೆ ಬಂದು ಕೈ ಚಾಚಿ ನೋಡಿ, "ಇನ್ನ ಮ್ಯಾಲ ಹೊಗಿ ಹಿತ್ತಲದಾಗ" ಎಂದು, ಅಗ್ಗಿಷ್ಟಿಗೆಯನ್ನು ಎತ್ತಿಕೊಂಡು ಹೊರಗೆ ನಡೆದಳು. ಮೆಕ್ಯಾನಿಕ್ ಚೀಲ ಹೆಗಲಿಗೇರಿಸಿ, ಹೊಸ್ತಿಲಲ್ಲಿ ತಿರುಗಿ, "ಹದಿನೈದ ದಿನಕ್ಕೊಮ್ಮೆ ರಿ ಸರ್" ಎಂದಷ್ಟೇ ಹೇಳಿದ. ಸ್ಟೂಲಿನ ಮಾತೆತ್ತಲಿಲ್ಲ. ಎತ್ತಲಿಲ್ಲವೆಂಬುದನ್ನೂ ನಾನು ಗಮನಿಸಿದೆ.

ಕೋಣೆ ಇಪ್ಪತ್ತೇಳಕ್ಕೆ ಇಳಿದ ಮೇಲೆ ಕೂಸನ್ನು ಒಳಗೆ ತಂದೆವು. ಮಗಳು ಎರಡು ಸಲ ಹಾಲು ಕುಡಿಸಿದಳು. ಎರಡನೆಯ ಸಲ ಕೂಸು ತಾನಾಗಿ ಬಾಯಿ ಹಾಕಿತು. ಮಗಳಿಗೆ ಕಣ್ಣು ಹತ್ತುತ್ತಿದ್ದವು. ಕೂಸನ್ನು ನನ್ನ ತೊಡೆಯ ಮೇಲೆ ಹಾಕಿಕೊಂಡು ಅವಳನ್ನು ಮಲಗಲು ಹೇಳಿದೆ. ಆಸ್ಪತ್ರೆಗೆ ಹೋಗಬೇಕಾದೀತೆಂದು ಬೇಕಾದ ಕಾಗದಗಳನ್ನೆಲ್ಲ ಜೋಡಿಸಿ, ಇಸ್ತ್ರಿ ಮಾಡಿದ ಧೋತರ ಉಟ್ಟು ಸಿದ್ಧನಾಗಿದ್ದೆ. ಒಂದು ಕೈಯಲ್ಲಿ ಪುಸ್ತಕ ತೆಗೆದು, "ಸ್ಟೂಲಿನ ಮಾತಿನವನು" ಎಂಬುದರ ಮುಂದೆ, ಒಂದು ವರ್ಷ ತಡವಾಗಿ, "ಜಾಳಿಗೆ, ಹದಿನೈದು ದಿನಕ್ಕೊಮ್ಮೆ" ಎಂದು ಬರೆದೆ.

ಪೆನ್ನು ಮುಚ್ಚುತ್ತಿದ್ದಾಗ ತೊಡೆಗೆ ಬೆಚ್ಚಗಾಯಿತು. ಅಲ್ಲಾಡದೆ ಕುಳಿತೆ. ಬಿಸಿ ಧೋತರದುದ್ದಕ್ಕೂ ಹರಿದು ಮೊಣಕಾಲಿನವರೆಗೆ ಬಂದಿತು.

ಒಳಗೆ ಬಂದ ಅಕ್ಕ ನೋಡಿ ಅಲ್ಲೇ ನಿಂತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಸ್ತ್ರಿ ಧೋತರಾ ಹಾಳ ಮಾಡಿದಳಲ್ಲೊ ತಮ್ಮಾ," ಎಂದಳು. "ಇದನ್ನೂ ಬರಕೋ. ದೊಡ್ಡಾಕಿ ಆದ ಮ್ಯಾಲ ಕೇಳಾಕ ಬೇಕಾಗತೈತಿ."

ಬರೆದುಕೊಂಡೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷ.