ಬಾಗಿಲು ಪೂರ್ವಕ್ಕೆ

ಹೆಸರು ಹುಚ್ಚಮ್ಮ, ತಲೆ ಮಾತ್ರ ಊರಿಗೆಲ್ಲ ಹಂಚುವಷ್ಟು ನೆಟ್ಟಗಿತ್ತು. ಹಗರೆ ಪಕ್ಕದ ಆ ಊರಲ್ಲಿ ಎಮ್ಮೆ ಸಾಕಿ, ಡೇರಿಗೆ ಹಾಲು ಹಾಕಿ, ಗಂಡನಿಲ್ಲದೆ ಮಗಳನ್ನು ದಡ ಮುಟ್ಟಿಸಿದವಳು. ಉಪಕಾರ ಮರೆತಾಳು, ಅವಮಾನ ಮರೆಯುವ ಪೈಕಿಯಲ್ಲ.

ಅವಮಾನ ಮಾಡಿದವನು ಚನ್ನಪ್ಪ, ಊರಿನ ದೊಡ್ಡ ಜಮೀನುದಾರ. ಅವನ ಮನೆಯ ತಲೆಬಾಗಿಲು ಪೂರ್ವಕ್ಕೆ. ಎದುರಿಗೆ ಓಣಿ ದಾಟಿದರೆ ಹುಚ್ಚಮ್ಮನ ತುಂಡು ಹೊಲ, ಅದರಾಚೆ ಬಸ್ಸಿನ ರಸ್ತೆ. ಆ ಹೊಲ ಕೊಡು ಎಂದು ಅವನು ಕೇಳಿದ, ಇವಳು ಕೊಡಲಿಲ್ಲ. ಅಷ್ಟೇ ಅವಳ ತಪ್ಪು. ಊರಲ್ಲಿ ಛತ್ರವಿರಲಿಲ್ಲ, ಯಾರ ಮದುವೆಯಾದರೂ ಚಪ್ಪರ ಏಳುತ್ತಿದ್ದದ್ದು ಚನ್ನಪ್ಪನ ಅಂಗಳದಲ್ಲೇ. ಮಗಳು ಮೇಘಶ್ರೀಯ ಧಾರೆಯ ದಿನ ಬೆಳಿಗ್ಗೆ ಅವನು ಗೇಟಿಗೆ ಬೀಗ ಜಡಿದ.

“ದಾಯಾದಿ ಮನೇಲಿ ಹೆರಿಗೆ ಆಗೈತೆ, ನಮಗೆ ಸೂತಕ. ಶಾಸ್ತ್ರ ಬಿಡಕ್ಕಾಯ್ತದಾ ಹುಚ್ಚಮ್ಮ?” ಅಂದ.

ಯಾವ ದಾಯಾದಿ, ಎಲ್ಲಿಯ ಹೆರಿಗೆ! ತನ್ನ ಹೊಲದಲ್ಲೇ ಚಪ್ಪರ ಹಾಕೋಣವೆಂದರೆ ರಾಗಿ ತೆನೆಗಟ್ಟಿ ನಿಂತಿತ್ತು. ಬೇರೆ ಗತಿಯಿಲ್ಲದೆ ರಸ್ತೆ ಬದಿಯಲ್ಲೇ ಎಲೆ ಹಾಕಿದರು. ಬಸ್ಸು ಹಾದಾಗ ಧೂಳೆಲ್ಲ ಅನ್ನದ ಮೇಲೆ. ಬೀಗರು ಅರ್ಧ ಊಟದಲ್ಲೇ ಕೈ ಕೊಡವಿ ಎದ್ದರು. ‘ರಸ್ತೇಲಿ ಉಣ್ಣಾಕೆ ಇಕ್ಕಿದೋರ ಮಗಳು’ ಎಂಬ ಮಾತು ಮೇಘಶ್ರೀಯ ಬೆನ್ನು ಬಿಡಲಿಲ್ಲ. ಅಂದಿನಿಂದ ಹುಚ್ಚಮ್ಮ ಯಾರ ಮದುವೆಯ ಪಂಕ್ತಿಯಲ್ಲೂ ಕೂರಲಿಲ್ಲ. ಮುಯ್ಯಿ ಹಾಕುವಳು, ಅಕ್ಷತೆ ಹಾಕುವಳು, ಹಸಿದುಕೊಂಡೇ ಮನೆಗೆ ಬರುವಳು.

ಕೊನೆಗೂ ಊರಿಗೆ ಸಮುದಾಯ ಭವನ ಮಂಜೂರಾಯಿತು. ಎಲ್ಲಿ, ಹೇಗೆ ಕಟ್ಟಬೇಕೆಂದು ದೇವಸ್ಥಾನದ ಮುಂದೆ ಗ್ರಾಮಸಭೆ ಸೇರಿತು. ಚನ್ನಪ್ಪ ತನ್ನ ಮನೆಯ ಹಿಂದಿನ ಸರ್ಕಾರಿ ಜಾಗವನ್ನು ತೋರಿಸಿದ.

“ಅಲ್ಲೇ ಆದ್ರೆ ಬಾಗ್ಲು ಪಶ್ಚಿಮಕ್ಕಿರ್ಲಿ, ಕೆರೆ ದಾರೀಲಿ ಎಲ್ಲರೂ ಬರಬೋದು,” ಅಂದ ಪಂಚಾಯ್ತಿ ಮೆಂಬರ್ ಶಿವಪ್ರಕಾಶ್.

ಚನ್ನಪ್ಪ ಕೆಂಡವಾದ. ಬಾಗಿಲು ಪೂರ್ವಕ್ಕಿದ್ದರೆ ತಾನೇ ಜನ ಅವನ ಗೇಟು ದಾಟಿ, ಅವನಿಗೆ ಕೈ ಮುಗಿದು ಬರಬೇಕು! “ಏನ್ಲಾ, ಮದುವೆ ಆಗೋ ಜಾಗಕ್ಕೆ ಪಶ್ಚಿಮದ ಬಾಗ್ಲಾ? ಎಲ್ಲೇ ಕಟ್ಟಲಿ, ಬಾಗ್ಲು ಪೂರ್ವಕ್ಕೇ, ಕಕ್ಕಸು ವಾಯವ್ಯಕ್ಕೇ, ಎಂಜಲು ಗುಂಡಿ ಹಿಂದಕ್ಕೇ. ಬನ್ರಿ, ದೇವರ ಮುಂದೆ ವೀಳ್ಯ ಎತ್ತಿ!”

ವೀಳ್ಯ ಎತ್ತಿದ ಮೇಲೆ ಆ ಊರಲ್ಲಿ ಮಾತು ಬದಲಿಸುವಂತಿಲ್ಲ. ಎಲ್ಲರೂ ಎತ್ತಿದರು, ಚನ್ನಪ್ಪನೇ ಮೊದಲು. ಜಾಗ ಹೇಗೂ ತಾನು ಹೇಳಿದ್ದೇ ಎಂಬ ಕೊಬ್ಬು.

ಆಗ ಹುಚ್ಚಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನನ್ನ ತುಂಡು ಹೊಲ ಊರಿಗೆ ದಾನ ಕೊಡ್ತೀನಿ ಕಣ್ರಪ್ಪಾ. ಬಸ್ ರಸ್ತೇಗೆ ಪೂರ್ವದ ಬಾಗ್ಲು. ಯಾರ ಗೇಟೂ ದಾಟೋ ಹಂಗಿಲ್ಲ.”

ಸಭೆಗೆ ಸಭೆಯೇ ಹೋ ಎಂದು ಕೈ ಎತ್ತಿತು. ಭವನದ ಮುಖ ರಸ್ತೆಗಾದರೆ ಬೆನ್ನು ಯಾರ ತಲೆಬಾಗಿಲಿಗೆ ಎಂಬುದು ಚನ್ನಪ್ಪನಿಗೆ ತಟ್ಟನೆ ಹೊಳೆಯಿತು. ಬಾಯಿ ತೆರೆದ. ಆದರೆ ವೀಳ್ಯ ಇನ್ನೂ ಅವನ ಕೈಯಲ್ಲೇ ಇತ್ತು.

ಗೋಡೆ ಏಳುತ್ತಿದ್ದಂತೆ ಅವನು ಹುಚ್ಚಮ್ಮನ ಕೊಟ್ಟಿಗೆಗೇ ಬಂದ. ಹುಟ್ಟಿದಾಗಿನಿಂದ ಒಮ್ಮೆಯೂ ‘ಅಕ್ಕ’ ಅನ್ನದವನು ಅಂದ: “ಹುಚ್ಚಮ್ಮಕ್ಕಾ, ಮೊಮ್ಮಗಳನ್ನ ನೋಡಾಕೆ ಗಂಡಿನೋರು ಬತ್ತಾರೆ. ಬಾಗ್ಲು ತೆಗುದ್ರೆ ಕಕ್ಕಸು, ಎಂಜಲು ಗುಂಡಿ! ಜಾಗ ಕೊಟ್ಟೋಳು ನೀನು, ತಿರುಗಿಸ್ರಿ ಅಂತ ಒಂದು ಮಾತು ಹೇಳು.”

ಅವಳು ಹಾಲು ಕರೆಯುವುದನ್ನು ನಿಲ್ಲಿಸಲಿಲ್ಲ. ಒಳಗೊಳಗೇ ಎದೆ ತಣ್ಣಗಾಗುತ್ತಿತ್ತು. “ಶಾಸ್ತ್ರ ಬಿಡಕ್ಕಾಯ್ತದಾ ಗೌಡ್ರೇ?” ಅಂದಳು.

ಭವನದ ಮೊದಲ ಮದುವೆಗೆ ಮೇಘಶ್ರೀ ಅತ್ತೆಮಾವಂದಿರ ಜೊತೆ ಬಂದಳು. ಮೊದಲ ಪಂಕ್ತಿ ಎದ್ದ ಮೇಲೆ ಹುಚ್ಚಮ್ಮ ಯಾರು ಬೇಡವೆಂದರೂ ಕೇಳದೆ ಎಂಜಲೆಲೆಯ ಬುಟ್ಟಿಯನ್ನು ತಾನೇ ಹೊತ್ತು ಹಿಂದಿನ ಗುಂಡಿಗೆ ಸುರಿದಳು. ಓಣಿಯಾಚೆ ಚನ್ನಪ್ಪನ ತಲೆಬಾಗಿಲು ದಡಾರನೆ ಮುಚ್ಚಿತು, ಒಳಗಿನಿಂದ ಅಗುಳಿ ಬಿತ್ತು. ಅವಳು ಕೈಕಾಲು ತೊಳೆದು ಬಂದು, ಮಗಳ ಪಕ್ಕದಲ್ಲಿ ಎರಡನೇ ಪಂಕ್ತಿಗೆ ಕೂತು, ಪಾಯಸವನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಉಂಡಳು.