ಅಂಚು ಎಳೆದವಳ ಸಹಿ

ಕಡ್ಡಿಯಮ್ಮನಿಗೆ ಆ ಹೆಸರಿಟ್ಟದ್ದು ಬೀದಿಯವರು, ಅದೂ ಸೇಡಿಗೆ. ಅವಳ ಬಾಯಿಂದ ಅಡ್ಡಹೆಸರು ಪಡೆಯದ ಒಂದು ನರಪಿಳ್ಳೆಯೂ ಆ ಬೀದಿಯಲ್ಲಿ ಉಳಿದಿರಲಿಲ್ಲ. ಔಷಧಿ ಅಂಗಡಿಯವನು ‘ಆಕಳಿಕೆ’, ಮೇಲಿನ ಮನೆಯ ನಿವೃತ್ತ ಮೇಷ್ಟ್ರು ‘ಮತ್ತೊಮ್ಮೆ ಹೇಳ್ತೀನಿ’, ಸ್ವಂತ ಮಗ ‘ಹೂಂ’. ಮಗನಿಗೇನೂ ಅನ್ಯಾಯವಾಗಿರಲಿಲ್ಲ, ಆ ಮನುಷ್ಯ ಅದರಾಚೆ ಬೇರೆ ಮಾತೇ ಆಡುತ್ತಿರಲಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಸೊಸೆ ನಿಮಿಷ ತಪ್ಪದೆ ಹೋಗಿ ನಿಮಿಷ ತಪ್ಪದೆ ಬರುತ್ತಾಳೆಂದು ಅವಳು ‘ಗಡಿಯಾರ’. ಎಪ್ಪತ್ತಾರು ವರ್ಷದ ಕಡ್ಡಿಯಮ್ಮ ಮೈಯಲ್ಲೂ ಕಡ್ಡಿ, ಮಾತೂ ಕಡ್ಡಿ ಮುರಿದಂತೆ. ಲೋಕದಲ್ಲಿ ಅವಳಿಗೆ ಗೌರವವಿದ್ದದ್ದು ಎರಡಕ್ಕೇ: ನೇರ ಗೆರೆಗೆ ಮತ್ತು ಸುಳ್ಳಾಡದ ಬಾಯಿಗೆ. ಎರಡೂ ತನ್ನ ಹತ್ತಿರ ಮಾತ್ರ ಇವೆ ಎಂದು ಅವಳು ನಂಬಿದ್ದಳು.

ನೇರ ಗೆರೆ ಅವಳ ಕಸುಬು. ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಟ್ರೇಸರ್ ಆಗಿದ್ದಳು. ಸರ್ವೆಯವರು ಪೆನ್ಸಿಲಿನಲ್ಲಿ ಗೀಚಿ ತಂದದ್ದನ್ನು ತೆಳುವಾದ ಮೇಣದ ಬಟ್ಟೆಯ ಮೇಲೆ ಮಸಿಯಲ್ಲಿ ಎಳೆಯುವುದು ಟ್ರೇಸರುಗಳ ಕೆಲಸ. ಉದ್ದನೆಯ ಕೋಣೆ, ಉತ್ತರಕ್ಕೆ ಕಿಟಕಿಗಳು, ಇಳಿಜಾರು ಮೇಜುಗಳ ಸಾಲು. ಬೆವರಿನ ಹನಿ ಬಟ್ಟೆಯ ಮೇಲೆ ಬಿದ್ದರೆ ಮಸಿ ಹರಡೀತೆಂದು ಎಲ್ಲರ ಮಣಿಕಟ್ಟಿಗೂ ಬಟ್ಟೆಯ ಪಟ್ಟಿ. ಒಬ್ಬಳು ಪೈಪುಗಳ ಗೆರೆ ಎಳೆಯುವಳು, ಇನ್ನೊಬ್ಬಳು ಅಕ್ಷರ ಬರೆಯುವಳು, ಕೊನೆಯವಳು ಸುತ್ತಲೂ ಅಂಚು ಎಳೆದು ಬಲಗಡೆಯ ಮೂಲೆಯಲ್ಲಿ ಸಹಿ ಹಾಕುವಳು. ಸಹಿ ಯಾವಾಗಲೂ ಅಂಚು ಎಳೆದವಳದೇ. ತಪ್ಪಾದರೆ ಬೈಯಲು ಒಂದು ಹೆಸರು ಸಾಕು ಎಂದು ಮೇಲ್ವಿಚಾರಕ ಮಾಡಿದ ನಿಯಮ ಅದು. ಕಡ್ಡಿಯಮ್ಮ ಅಂಚು ಎಳೆಯುವುದರಲ್ಲಿ ಎತ್ತಿದ ಕೈ.

ಇದೆಲ್ಲ ಹಳೆಯ ಮಾತು. ಈ ವರ್ಷ ಊರಿನ ಹಳೇ ಭಾಗದಲ್ಲಿ ನೆಲದಡಿಯ ದೊಡ್ಡ ಪೈಪು ಒಡೆದು ಮೂರು ದಿನ ನೀರಿಲ್ಲದಾಯಿತು. ಕಂಪ್ಯೂಟರಿನಲ್ಲಿದ್ದ ನಕ್ಷೆ ನಂಬಿ ಅಗೆದ ಕಡೆಯೆಲ್ಲ ಬರೀ ಮಣ್ಣು. ಕೊನೆಗೆ ಯಾರೋ ಕಪಾಟಿನಿಂದ ನಲವತ್ತೈದು ವರ್ಷ ಹಳೆಯ ಶೀಟುಗಳನ್ನು ಹೊರಗೆಳೆದರು. ಒಂದರ ಮೇಲೊಂದು ಹಾದುಹೋಗುವ ಎರಡು ಪೈಪುಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಅವುಗಳಲ್ಲಿ ಸ್ಪಷ್ಟವಾಗಿತ್ತು. ಅಗೆದರೆ, ಇಂಚು ಹೆಚ್ಚಿಲ್ಲ, ಇಂಚು ಕಡಿಮೆಯಿಲ್ಲ. ಅಂಥ ನೂರಾ ಹನ್ನೆರಡು ಶೀಟುಗಳ ಮೂಲೆಯಲ್ಲೂ ಒಂದೇ ಸಹಿ, ಕಡ್ಡಿಯಮ್ಮನದು.

ಈ ಸುದ್ದಿ ಹಿಡಿದದ್ದು ‘ಮರೆಯಲ್ಲಿದ್ದವರು’ ಎಂಬ ಸುದ್ದಿಪತ್ರ. ಚರಿತ್ರೆ ಮರೆತ ಹೆಂಗಸರ ಬಗ್ಗೆ ತಿಂಗಳಿಗೊಮ್ಮೆ ನಾಲ್ಕು ಪುಟ. ಸಂಪಾದಕಿ ಫೋನು ಮಾಡಿದಳು. ಕಾಲೇಜಿನಲ್ಲಿ ಚರಿತ್ರೆಯ ಪಾಠ ಮಾಡುವ ಹೆಂಗಸು. “ಮೊದಲಿಗೆ ಒಂದು ಮಾತು ಹೇಳಿ ಆಮೇಲೆ ವಿಷಯಕ್ಕೆ ಬರ್ತೀನಿ” ಎಂದೇ ಪ್ರತಿ ಮಾತು ಶುರು. ಎರಡು ನಿಮಿಷದಲ್ಲಿ ಕಡ್ಡಿಯಮ್ಮ ಅವಳಿಗೆ ‘ಪೀಠಿಕೆ’ ಎಂದು ಹೆಸರಿಟ್ಟಾಗಿತ್ತು.

“ಆ ಶೀಟುಗಳ ಮೇಲಿರೋದು ನಿಮ್ಮ ಸಹೀನೇ ಅಲ್ವಾ ಅಮ್ಮ?”

“ನನ್ನದೇ. ಮತ್ತೆ ಪಕ್ಕದ ಮನೆಯವಳದಾ?” ಎಂದು ಕಡ್ಡಿಯಮ್ಮ ಫೋನಿಟ್ಟಳು.

ಕೇಳಿದ್ದಕ್ಕೆ ಉತ್ತರ, ಉತ್ತರದಲ್ಲಿ ಸುಳ್ಳಿಲ್ಲ. ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ಅವಳ ಫೋಟೊ ಬಂತು. ‘ನೆಲದಡಿಯ ಊರನ್ನು ಕಂಡ ಕಣ್ಣು’ ಎಂದು ತಲೆಬರಹ. ನಕ್ಷೆ ಕೋಣೆಯ ಹುಡುಗಿಯೊಬ್ಬಳು ರಜೆಯ ದಿನ ಮ್ಯಾನ್‌ಹೋಲಿಗೆ ಇಳಿದು ನೋಡುತ್ತಿದ್ದಳೆಂದು ಮುಚ್ಚಳ ಎತ್ತುತ್ತಿದ್ದ ಹಳೇ ಕೂಲಿಯೊಬ್ಬ ಹೇಳಿದ್ದನ್ನೂ ಅವಳ ಲೆಕ್ಕಕ್ಕೇ ಸೇರಿಸಿದ್ದರು. ಕಡ್ಡಿಯಮ್ಮ ಓದಿ ಮೂಗು ಮುರಿದಳು. ಪುಟವನ್ನು ಬೋರಲು ಹಾಕಿಟ್ಟಳು.

ಏಕೆಂದರೆ ಆ ಶೀಟುಗಳಲ್ಲಿ ಅವಳು ಎಳೆದದ್ದು ನಾಲ್ಕು ಬದಿಯ ಅಂಚು ಮಾತ್ರ. ಪೈಪುಗಳನ್ನು ಎಳೆದವಳು ಪಕ್ಕದ ಮೇಜಿನ ದಿನಗೂಲಿಯ ಹುಡುಗಿ. ದೃಷ್ಟಿ ಮಂದ, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ಕೆಲಸ ಮಾಡುವಳು. ಸಂಜೆ ಎದ್ದರೆ ಮೂಗಿನ ತುದಿಯಲ್ಲಿ ಮಸಿ. ಅವಳು ‘ಮಸಿಮೂಗು’. ಯಾವ ಪೈಪು ಮೇಲೆ, ಯಾವುದು ಕೆಳಗೆ ಎಂದು ಸರ್ವೆಯವರು ಬರೆದು ತರುತ್ತಿರಲಿಲ್ಲ. ಮೇಲ್ವಿಚಾರಕನನ್ನು ಕೇಳಿದರೆ “ಯಾವುದಾದರೇನು, ಎಳಿ” ಎನ್ನುತ್ತಿದ್ದ. ಮಸಿಮೂಗು ರಜೆಯ ದಿನ ತಾನೇ ಹೋಗಿ, ಮ್ಯಾನ್‌ಹೋಲಿನ ಮುಚ್ಚಳ ಎತ್ತಿಸಿ, ಒಳಗಿಳಿದು ನೋಡಿ ಬಂದು ಎಳೆಯುತ್ತಿದ್ದಳು. ಮರುದಿನ ಅವಳು ಪಕ್ಕದಲ್ಲಿ ಕೂತರೆ ಕಡ್ಡಿಯಮ್ಮ ಕರ್ಚೀಫಿನಿಂದ ಮೂಗು ಮುಚ್ಚಿಕೊಳ್ಳುವಳು. ಇಡೀ ಕೋಣೆ ಕಿಸಕ್ಕೆನ್ನುತ್ತಿತ್ತು. ಏಳು ವರ್ಷದ ಮೇಲೆ ಕಣ್ಣು ಪೂರ್ತಿ ಕೈಕೊಟ್ಟಿತು, ಹುಡುಗಿ ಬರುವುದನ್ನು ಬಿಟ್ಟಳು. ಆ ಮೇಜಿಗೆ ಇನ್ನೊಬ್ಬಳು ಬಂದಳು. ಯಾರೂ ಏನೂ ಕೇಳಲಿಲ್ಲ.

ಸುದ್ದಿಪತ್ರಕ್ಕೆ ಒಂದು ಸಾಲು ಬರೆದು ತಿದ್ದಿಸಬಹುದಿತ್ತು. ಕಡ್ಡಿಯಮ್ಮ ಪೆನ್ನು ತೆರೆದದ್ದೂ ಉಂಟು. ಅಷ್ಟರಲ್ಲಿ ಸೊಸೆ ಕೆಲಸದಿಂದ ಬಂದಳು, ಅರ್ಧ ಗಂಟೆ ತಡವಾಗಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಸುದ್ದಿಪತ್ರಕ್ಕೆ ಫ್ರೇಮು ಹಾಕಿಸಲು ಹೋಗಿದ್ದಳಂತೆ.

“ಮ್ಯಾನ್‌ಹೋಲಿಗೆಲ್ಲ ಇಳೀತಿದ್ರಂತೆ ಅತ್ತೆ! ನಮ್ಮ ಲ್ಯಾಬಲ್ಲಿ ಎಲ್ಲರಿಗೂ ಓದಿ ಹೇಳಿದೆ. ಯಾಕೆ ನನಗೆ ಒಂದಿನಾನೂ ಹೇಳಲಿಲ್ಲ?”

ಅತ್ತೆ ಸೊಸೆಯರ ನಡುವೆ ಅಲ್ಲಿಯವರೆಗೆ ಇದ್ದದ್ದು ಹಾಲು ತಂದಾಯ್ತಾ, ನಲ್ಲಿ ನಿಲ್ಲಿಸಿದ್ಯಾ ಎಂಬಷ್ಟೇ ಮಾತು. ಈಗ ಸೊಸೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಿದ್ದಳು. ಕಡ್ಡಿಯಮ್ಮನಿಗೆ ಅದು ಎಷ್ಟು ಹಿತವಾಯಿತೆಂದರೆ ತನ್ನ ಮೇಲೆ ತನಗೇ ಸಿಟ್ಟು ಬಂತು. “ಹೇಳೋಕೇನಿದೆ” ಎಂದಳು. ಅದೂ ಸುಳ್ಳಲ್ಲ. ಪೆನ್ನಿನ ಮುಚ್ಚಳ ಹಾಕಿಟ್ಟಳು.

ಸುದ್ದಿಪತ್ರಕ್ಕೆ ಐದು ವರ್ಷ ತುಂಬಿದ ಸಮಾರಂಭಕ್ಕೆ ಕರೆ ಬಂತು. ಸೊಸೆ ರಜೆ ಹಾಕಿ, ಅತ್ತೆಯ ಬಟ್ಟೆಗೆ ತಾನೇ ಇಸ್ತ್ರಿ ಮಾಡಿ, ಜೊತೆಗೆ ಹೊರಟಳು.

ಗ್ರಂಥಾಲಯದ ಮೇಲಿನ ಸಭಾಂಗಣ. ಗೋಡೆ ತುಂಬ ಬಲೂನು. ಮರೆತುಹೋದ ಹೆಂಗಸರ ಮುಖಗಳನ್ನು ಕೇಕಿನ ಮೇಲೆ ಸಕ್ಕರೆಯಲ್ಲಿ ಬರೆಸಿದ್ದರು, ಕತ್ತರಿಸಿ ತಿನ್ನುವುದಕ್ಕೆ. “ಇಷ್ಟು ದಿನ ಮರೆತಿದ್ರು, ಈಗ ನುಂಗ್ತಾರೆ” ಎಂದು ಕಡ್ಡಿಯಮ್ಮ ಸೊಸೆಯ ಕಿವಿಯಲ್ಲಿ ಹೇಳಿದಳು. ಸೊಸೆ ಬಾಯಿ ಮುಚ್ಚಿಕೊಂಡು ನಕ್ಕಳು. ಹೆಂಗಸರ ಮೌನದ ಬಗ್ಗೆ ಒಬ್ಬ ಗಂಡಸು ಮುಕ್ಕಾಲು ಗಂಟೆ ಮಾತಾಡಿದ. ಮುಂದಿನ ಸಾಲಿನಲ್ಲಿ ಚಂದಾದಾರರು, ಕಣ್ಣೊರೆಸಿಕೊಳ್ಳಲು ಕರ್ಚೀಫು ಕೈಯಲ್ಲೇ ಹಿಡಿದು ತಯಾರಾಗಿದ್ದರು. ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡದಾಗಿ ಒಂದು ಶೀಟು. ಆನೆಗಾತ್ರದ ಸಹಿ. ಆ ಗಾತ್ರದಲ್ಲಿ ನೋಡಿದಾಗ ಅಂಚಿನ ಗೆರೆ ಒಂದು ಕಡೆ ಸ್ವಲ್ಪ ನಡುಗಿದ್ದು ಕಂಡಿತು. ಪೈಪಿನ ಗೆರೆಗಳು ಎಲ್ಲೂ ನಡುಗಿರಲಿಲ್ಲ.

ಪೀಠಿಕೆ ಅವಳನ್ನು ವೇದಿಕೆಗೆ ಕರೆದು, ಫಲಕ ಕೈಗಿಟ್ಟು, ಮೈಕು ಮುಂದೆ ಹಿಡಿದಳು. “ಮೊದಲಿಗೆ ಒಂದು ಮಾತು. ನಮ್ಮ ಓದುಗರೆಲ್ಲ ಕೇಳ್ತಿರೋದು ಒಂದೇ. ಆ ಕಾಲದಲ್ಲಿ, ರಜೆ ದಿನ, ಮ್ಯಾನ್‌ಹೋಲ್ ಒಳಗೆ ನೀವೇ ಇಳಿದು ನೋಡ್ತಿದ್ರಾ ಅಮ್ಮ?”

ಸಭೆ ಕಾದಿತ್ತು. ಎರಡನೇ ಸಾಲಿನಲ್ಲಿ ಸೊಸೆ ಫೋನು ಎತ್ತಿ ಹಿಡಿದಿದ್ದಳು. ಇಷ್ಟು ದಿನ ಯಾರೂ ಇದನ್ನು ಇಷ್ಟು ನೇರವಾಗಿ ಕೇಳಿರಲಿಲ್ಲ. ಹೂಂ ಎಂದರೆ ಸಾಕು, ಮನೆಯಲ್ಲಿ ಆ ಕುರ್ಚಿ ತನ್ನ ಪಕ್ಕದಲ್ಲೇ ಇರುತ್ತದೆ ಎಂದು ಕಡ್ಡಿಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಯೂ ತೆರೆದಿತ್ತು. ಹೂಂ ಮಾತ್ರ ಹೊರಡಲಿಲ್ಲ.

“ಇಲ್ಲ,” ಎಂದಳು. “ನಾನು ಅಂಚು ಎಳೀತಿದ್ದೆ. ಒಳಗಿರೋದೆಲ್ಲ ಇನ್ನೊಬ್ಬಳು ಎಳೆದದ್ದು. ಇಳಿದು ನೋಡ್ತಿದ್ದೋಳೂ ಅವಳೇ.”

ಒಮ್ಮೆ ಬಾಯಿ ಬಿಚ್ಚಿದ ಮೇಲೆ ಹಳೆಯ ಖಾರ ಮರಳಿತು. “ಐದು ವರ್ಷದಿಂದ ಮರೆತವರನ್ನ ಹುಡುಕ್ತಿದ್ದೀರಂತೆ. ಏನು ಹುಡುಕಿದ್ರಿ? ಮೂಲೇಲಿ ಸಹಿ ನೋಡಿದ್ರಿ, ಕೇಕ್ ತಂದ್ರಿ. ಆ ಸಹಿ ಯಾಕೆ ಹಾಕ್ತಿದ್ರು ಅಂತ ಒಬ್ಬರಾದ್ರೂ ಕೇಳಿದ್ರಾ? ನಿಮಗೆ ಬೇಕಿದ್ದದ್ದು ಒಂದು ಮುಖ, ಫೋಟೊ ತೆಗೆಯೋಕೆ. ಸಿಕ್ಕಿದ್ದು ನನ್ನದು.”

ಸಭೆ ಚಪ್ಪಾಳೆ ತಟ್ಟಿತು. “ಎಂಥ ವಿನಯ!” ಎಂದು ಮುಂದಿನ ಸಾಲಿನವರೊಬ್ಬರು ಕಣ್ಣೊರೆಸಿಕೊಂಡರು. ಕಡ್ಡಿಯಮ್ಮನಿಗೆ ಮೈಯೆಲ್ಲ ಉರಿಯಿತು. ಇಂಥ ದಡ್ಡರ ಮಂದೆಯಿಂದ ಇನ್ನೇನು ನಿರೀಕ್ಷೆ!

ಆದರೆ ಪೀಠಿಕೆ ಚಪ್ಪಾಳೆ ತಟ್ಟಲಿಲ್ಲ. ಕೈಯೆತ್ತಿ ಸಭೆಯನ್ನು ನಿಲ್ಲಿಸಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಚೀಲದಿಂದ ನೋಟ್‌ಬುಕ್ ತೆಗೆದು, ಅಲ್ಲೇ ವೇದಿಕೆಯ ಮೆಟ್ಟಿಲ ಮೇಲೆ ಕೂತು, ಪೆನ್ನು ಬಿಚ್ಚಿದಳು.

“ತಪ್ಪು ನಮ್ಮದು ಅಮ್ಮ. ಮುಂದಿನ ಸಂಚಿಕೇಲಿ ಅವರದೇ ಬರ್ಲಿ. ಅವರ ಹೆಸರು?”

ಬೈಯಲು ಇನ್ನೂ ನಾಲ್ಕು ಮಾತು ಜೋಡಿಸಿಟ್ಟುಕೊಂಡಿದ್ದ ಕಡ್ಡಿಯಮ್ಮನಿಗೆ ಇದು ಬೇಕಿರಲಿಲ್ಲ. ಮೊದಲ ದಿನ ಆ ಹುಡುಗಿ ಮೇಜಿನ ಪಕ್ಕ ನಿಂತು ತನ್ನ ಹೆಸರು ಹೇಳಿದ್ದು ನೆನಪಿದೆ. ತುಟಿ ಅಲುಗಿದ್ದು ನೆನಪಿದೆ. ಎರಡನೇ ದಿನಕ್ಕೆ ಅಡ್ಡಹೆಸರು ಹುಟ್ಟಿತ್ತು, ಮೂರನೇ ದಿನದಿಂದ ಕೂಲಿ ಹಂಚುವವನೂ ಅದನ್ನೇ ಕೂಗುತ್ತಿದ್ದ.

“ಮಸಿಮೂಗು,” ಎಂದಳು ಕಡ್ಡಿಯಮ್ಮ.

ಸಭೆ ಗೊಳ್ಳೆಂದಿತು. ನಕ್ಷೆಯ ಕೋಣೆಯಲ್ಲಿ ನಕ್ಕ ಹಾಗೆಯೇ.

“ಅದು ಅಡ್ಡಹೆಸರು. ನಿಜವಾದ್ದು?” ಪೀಠಿಕೆ ನಗಲಿಲ್ಲ. “ಹಾಜರಿ ಪುಸ್ತಕದಲ್ಲಿ ಸಿಗಬಹುದಾ?”

“ದಿನಗೂಲಿಯವರಿಗೆ ಎಲ್ಲಿಯ ಹಾಜರಿ ಪುಸ್ತಕ? ತಲೆ ಎಣಿಸ್ತಿದ್ರು.” ಕಡ್ಡಿಯಮ್ಮನ ದನಿ ಸಣ್ಣಗಾಯಿತು. “ನಗಬೇಡ್ರಿ. ಆ ಹೆಸರಿಟ್ಟಿದ್ದು ನಾನು. ಸರಿಯಾದ ಹೆಸರು ನಾನು ನೆನಪಿಟ್ಟುಕೊಳ್ಳಲಿಲ್ಲ.”

ಪೀಠಿಕೆ ಅದನ್ನೂ ಬರೆದುಕೊಂಡಳು. ಕಡ್ಡಿಯಮ್ಮ ಫಲಕವನ್ನು ಮೇಜಿನ ಮೇಲಿಟ್ಟು ಕೆಳಗಿಳಿದಳು. ನಾಚಿಕೆ ಎಂದರೇನೆಂದು ಎಪ್ಪತ್ತಾರನೇ ವಯಸ್ಸಿನಲ್ಲಿ ತಿಳಿಯಿತು.

ಬಸ್ಸಿನಲ್ಲಿ ಸೊಸೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬರುವಾಗ ದಾರಿಯುದ್ದಕ್ಕೂ ಹರಟಿದವಳು. ಸುಳ್ಳಿಗೆ ಬೇಜಾರಾಗಿದೆ, ಫ್ರೇಮಿಗೆ ಬೇಜಾರಾಗಿದೆ, ಲ್ಯಾಬಿನಲ್ಲಿ ತಲೆಯೆತ್ತಲು ಆಗುವುದಿಲ್ಲ ಎಂದು ಬೇಜಾರಾಗಿದೆ ಎಂದೆಲ್ಲ ಕಡ್ಡಿಯಮ್ಮ ಲೆಕ್ಕ ಹಾಕಿದಳು.

ನಾಲ್ಕನೇ ನಿಲ್ದಾಣ ದಾಟಿದ ಮೇಲೆ ಸೊಸೆ ಹೊರಗೆ ನೋಡುತ್ತಲೇ ಕೇಳಿದಳು:

“ನನ್ನ ಹೆಸರು ಗೊತ್ತಾ ಅತ್ತೆ ನಿಮಗೆ?”

“ಇದೇನು ಪ್ರಶ್ನೆ? ಗೊತ್ತಿಲ್ಲದೆ ಏನು?”

“ಹೇಳಿ ನೋಡೋಣ.”

ಮದುವೆಯ ಕರೆಯೋಲೆಯಲ್ಲಿ ಓದಿದ್ದ ಹೆಸರು, ಬೀದಿಯವರೆಲ್ಲ ದಿನಾ ಕೂಗುವ ಹೆಸರು. ತನ್ನ ನಾಲಿಗೆಯ ಮೇಲೆ ಅದು ಒಂದು ದಿನವೂ ಬಂದಿರಲಿಲ್ಲ. ಕಡ್ಡಿಯಮ್ಮ ಮೆಲ್ಲಗೆ ಹೇಳಿದಳು.

ಸೊಸೆ ತಿರುಗಿ ನೋಡಲಿಲ್ಲ.

“ಕೇಳಿಸಲಿಲ್ಲ,” ಎಂದಳು. “ಇನ್ನೊಂದ್ಸಲ ಹೇಳಿ.”